ಕಾಗದ ಮೊದಲು, ವಿನ್ಯಾಸ ಆಮೇಲೆ

ಓದುಗರ ಪ್ರಶ್ನೆ – ಉತ್ತರ

ಕಾಗದ ಮತ್ತು ಮುದ್ರಣದ ಬಗ್ಗೆ ಓದುಗರಲ್ಲಿರುವ ಸಂದೇಹಗಳನ್ನು ಬರೆದು ಕಳುಹಿಸುವಂತೆ ಕೋರಿದ್ದಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಸಾಕಷ್ಟು ಪತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವರಿಗೆ ಉಪಯೋಗವಾಗಬಹುದಾದ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಬಳ್ಳಾರಿಯಲ್ಲಿ ಪ್ರೆಸ್ಸಿನ ಪಕ್ಕದಲ್ಲೇ ವಿನ್ಯಾಸದ ಮೇಜು ಹಾಕಿಕೊಂಡು ಕುಳಿತವನಾದ್ದರಿಂದ, ನನ್ನ ಉತ್ತರಗಳಲ್ಲಿ ಕಂಪ್ಯೂಟರಿನ ಪರದೆಗಿಂತ ಕಾಗದದ ಕಡೆಗೆ ಸ್ವಲ್ಪ ಪಕ್ಷಪಾತವಿರುವುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕ. ನನ್ನ ಮೊದಲ ಕವನ ಸಂಕಲನ 96 ಪುಟಗಳಾಗುತ್ತದೆ. 500 ಪ್ರತಿ ಸಾಕು. ಒಬ್ಬ ಮುದ್ರಕರು 70 ಜಿ.ಎಸ್.ಎಂ. ಮ್ಯಾಪ್‌ಲಿಥೊ ಸಾಕು ಎನ್ನುತ್ತಾರೆ, ಇನ್ನೊಬ್ಬರು ಆರ್ಟ್ ಪೇಪರ್ ಹಾಕಿದರೆ ಪುಸ್ತಕಕ್ಕೆ ಘನತೆ ಬರುತ್ತದೆ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಮೊದಲನೆಯವರ ಮಾತು ಕೇಳಿ. ಮ್ಯಾಪ್‌ಲಿಥೊ ಎಂದರೆ ಮೈಮೇಲೆ ಲೇಪವಿಲ್ಲದ ಸಾದಾ ಮುದ್ರಣ ಕಾಗದ. ನಿಮ್ಮ ಕಪಾಟಿನಲ್ಲಿರುವ ಯಾವುದಾದರೂ ಕನ್ನಡ ಪುಸ್ತಕದ ಎರಡನೆಯ ಪುಟ ತೆರೆದು ನೋಡಿದರೆ, ಬೆಲೆ ಮತ್ತು ಪುಟಸಂಖ್ಯೆಯ ಜೊತೆಗೆ ಪುಸ್ತಕದ ಅಳತೆ ‘ಡೆಮಿ 1/8’ ಎಂದೂ ಕಾಗದ ‘70 ಜಿ.ಎಸ್.ಎಂ. ಎನ್.ಎಸ್. ಮ್ಯಾಪ್‌ಲಿಥೊ’ ಎಂದೂ ಅಚ್ಚಾಗಿರುವ ಸಾಧ್ಯತೆಯೇ ಹೆಚ್ಚು. ಎನ್.ಎಸ್. ಎಂದರೆ ನ್ಯಾಚುರಲ್ ಶೇಡ್, ಅಂದರೆ ಕಣ್ಣು ಕುಕ್ಕುವ ಬಿಳುಪಿಲ್ಲದೆ ತುಸು ಕೆನೆಬಣ್ಣಕ್ಕೆ ತಿರುಗಿದ ಕಾಗದ. ಪಠ್ಯವೇ ಮುಖ್ಯವಾಗಿರುವ ಪುಸ್ತಕಕ್ಕೆ ಇದು ಸುಮ್ಮನೆ ರೂಢಿಯಾದದ್ದಲ್ಲ. ಆರ್ಟ್ ಪೇಪರಿನ ಮೈಮೇಲೆ ಸೀಮೆಸುಣ್ಣದಂಥ ಖನಿಜದ ಲೇಪವಿರುತ್ತದೆ, ಅದರ ಹೊಳಪು ಟ್ಯೂಬ್‌ಲೈಟಿನ ಬೆಳಕನ್ನು ನೇರವಾಗಿ ಕಣ್ಣಿಗೆ ಹೊಡೆಯುತ್ತದೆ, ಓದುಗ ಪುಸ್ತಕವನ್ನು ಆಚೀಚೆ ವಾಲಿಸುತ್ತ ಕವಿತೆ ಓದಬೇಕಾಗುತ್ತದೆ. ಮೆಚ್ಚಿದ ಸಾಲಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಗೀಟು ಹಾಕಲೂ ಅದು ಸರಿಯಾಗಿ ಒಗ್ಗದು.

ತೂಕವನ್ನೂ ಲೆಕ್ಕ ಹಾಕಿ ನೋಡಿ. ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ. ಅದು ತೂಕವೇ ಹೊರತು ದಪ್ಪವಲ್ಲ. 18 × 23 ಇಂಚಿನ ಡೆಮಿ ಹಾಳೆಯ ಎರಡೂ ಬದಿ ಸೇರಿ ಡೆಮಿ 1/8ರ 16 ಪುಟಗಳು, ಅಂದರೆ ನಮ್ಮ ಪ್ರೆಸ್ಸುಗಳ ಭಾಷೆಯಲ್ಲಿ ಒಂದು ಫಾರಂ, ಕೂರುತ್ತವೆ. ನಿಮ್ಮ 96 ಪುಟಗಳಿಗೆ ಸರಿಯಾಗಿ 6 ಫಾರಂ ಆಗುವುದು ನಿಮ್ಮ ಅದೃಷ್ಟ. 98 ಪುಟವಾಗಿದ್ದರೆ ಎರಡು ಪುಟಕ್ಕಾಗಿ ಮತ್ತೊಂದು ಕಾಲು ಫಾರಮ್ಮಿನ ತಾಪತ್ರಯ ಬೀಳುತ್ತಿತ್ತು. 500 ಪ್ರತಿಗೆ 3000 ಹಾಳೆ, ಅಂದರೆ 500 ಹಾಳೆಯ ರೀಮಿನ ಲೆಕ್ಕದಲ್ಲಿ 6 ರೀಮ್ ಬೇಕು. ಮುದ್ರಣದಲ್ಲೂ ಬೈಂಡಿಂಗಿನಲ್ಲೂ ಕೆಡುವ ಹಾಳೆಗಳು ಬೇರೆ. ಕಾಗದದ ವ್ಯಾಪಾರಿ 23 × 36 ಇಂಚಿನ ದೊಡ್ಡ ಹಾಳೆಯ ದರ ಹೇಳಿದರೆ ಅದರ ಅರ್ಧವೇ ನಿಮ್ಮ ಡೆಮಿ. ಹಾಳೆಯ ಉದ್ದ ಮತ್ತು ಅಗಲವನ್ನು ಇಂಚಿನಲ್ಲಿ ಗುಣಿಸಿ, ಅದನ್ನು ಜಿ.ಎಸ್.ಎಂ.ನಿಂದ ಗುಣಿಸಿ, 3100ರಿಂದ ಭಾಗಿಸಿದರೆ 500 ಹಾಳೆಯ ರೀಮಿನ ತೂಕ ನೇರವಾಗಿ ಕಿಲೋದಲ್ಲಿ ಬರುತ್ತದೆ. 23 × 36ರ 70 ಜಿ.ಎಸ್.ಎಂ. ರೀಮ್ ಹೀಗೆ ಸುಮಾರು 18.7 ಕಿಲೋ ಆಗುತ್ತದೆ. ಇದೇ ಲೆಕ್ಕದಲ್ಲಿ, ಅಂಚು ಕತ್ತರಿಸುವ ಮುನ್ನ ನಿಮ್ಮ ಪುಸ್ತಕದ ಒಳಪುಟಗಳು 112 ಗ್ರಾಂ ತೂಗಿದರೆ, 130 ಜಿ.ಎಸ್.ಎಂ. ಆರ್ಟ್ ಪೇಪರಿನಲ್ಲಿ 208 ಗ್ರಾಂ ತೂಗುತ್ತವೆ. ಅಂಚೆಯಲ್ಲಿ ಕಳುಹಿಸುವಾಗ ಈ ವ್ಯತ್ಯಾಸ ಪ್ರತಿಯೊಂದು ಪ್ರತಿಗೂ ಜೇಬಿಗೆ ತಟ್ಟುತ್ತದೆ.

ಇಷ್ಟು ಭಾರ ಹೊತ್ತರೂ ಆರ್ಟ್ ಪೇಪರಿನ ಪುಸ್ತಕ ದಪ್ಪಗೆ ಕಾಣುವುದಿಲ್ಲ ಎಂಬುದು ಇನ್ನೊಂದು ವಿಚಿತ್ರ. ಲೇಪದ ಕಾಗದವನ್ನು ಉರುಳೆಗಳ ನಡುವೆ ಒತ್ತಿ ನಯಗೊಳಿಸಿರುವುದರಿಂದ 100 ಜಿ.ಎಸ್.ಎಂ. ಆರ್ಟ್ ಪೇಪರು 70ರ ಮ್ಯಾಪ್‌ಲಿಥೊಗಿಂತ ತೆಳ್ಳಗಿರುವುದೂ ಉಂಟು. ಪುಸ್ತಕಕ್ಕೆ ಮೈಕಟ್ಟು ಬೇಕೆನಿಸಿದರೆ 80 ಜಿ.ಎಸ್.ಎಂ. ಮ್ಯಾಪ್‌ಲಿಥೊ ಹಾಕಿಸಿ. ಹಿಂದಿನ ಪುಟದ ಅಕ್ಷರ ಈಚೆಗೆ ಇಣುಕುವುದೂ ಆಗ ಕಡಿಮೆಯಾಗುತ್ತದೆ; ಬಿಳಿ ಜಾಗವೇ ಹೆಚ್ಚಿರುವ ಕವನ ಸಂಕಲನದಲ್ಲಿ ಈ ಇಣುಕುವಿಕೆ ಗದ್ಯದ ಪುಸ್ತಕಕ್ಕಿಂತ ಹೆಚ್ಚು ಎದ್ದು ಕಾಣುತ್ತದೆ.

ಒಳಪುಟಗಳನ್ನು ಆಫ್‌ಸೆಟ್‌ನಲ್ಲಿ ಕಪ್ಪು ಒಂದೇ ಬಣ್ಣದಲ್ಲಿ ಮಾಡಿಸಿ. ರಕ್ಷಾಪುಟಕ್ಕೆ 250ರಿಂದ 300 ಜಿ.ಎಸ್.ಎಂ. ಆರ್ಟ್ ಕಾರ್ಡ್ ಸಾಕು. 13 × 19 ಇಂಚಿನ ಡಿಜಿಟಲ್ ಹಾಳೆಯಲ್ಲಿ ಇಂಥ ಎರಡು ರಕ್ಷಾಪುಟ ಕೂರುವುದರಿಂದ 250 ಹಾಳೆಗೆ ಕೆಲಸ ಮುಗಿಯುತ್ತದೆ, ಮೇಲೆ ಮ್ಯಾಟ್ ಲ್ಯಾಮಿನೇಶನ್ ಇರಲಿ.

ಬೈಂಡಿಂಗಿಗೆ ಕೊಡುವ ಮುನ್ನ ಕಾಗದದ ಎಳೆಯ ದಿಕ್ಕನ್ನು ಒಮ್ಮೆ ನೋಡಿಕೊಳ್ಳಿ. ಕಾರ್ಖಾನೆಯಲ್ಲಿ ಕಾಗದ ಹರಿದುಬರುವ ದಿಕ್ಕಿಗೇ ಅದರ ನಾರುಗಳು ಮಲಗಿರುತ್ತವೆ. ಹಾಳೆಯ ಉದ್ದದಿಂದ ಒಂದು, ಅಗಲದಿಂದ ಒಂದು, ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿ, ಒಂದರ ಮೇಲೊಂದಿಟ್ಟು, ಒಂದು ತುದಿಯಲ್ಲಿ ಚಿಮಟಿಗೆಯಂತೆ ಹಿಡಿದು ಎತ್ತಿ. ಆಮೇಲೆ ಮೇಲಿನದನ್ನು ಕೆಳಕ್ಕೆ ಹಾಕಿ ಮತ್ತೆ ನೋಡಿ. ಎಳೆಯ ಗುಂಟ ಕತ್ತರಿಸಿದ ಪಟ್ಟಿ ಬಿಗಿಯಾಗಿ ನಿಲ್ಲುತ್ತದೆ, ಎಳೆಗೆ ಅಡ್ಡವಾಗಿ ಕತ್ತರಿಸಿದ್ದು ಬಾಡಿದ ಎಲೆಯಂತೆ ಜೋತುಬೀಳುತ್ತದೆ. ಪುಸ್ತಕದಲ್ಲಿ ಎಳೆ ಬೆನ್ನಿಗೆ ಸಮಾನಾಂತರವಾಗಿರಬೇಕು. ಅಡ್ಡವಾದರೆ ಪುಟ ಸಲೀಸಾಗಿ ಮಗುಚುವುದಿಲ್ಲ, ಮಳೆಗಾಲದಲ್ಲಿ ಬೆನ್ನಿನ ಹತ್ತಿರ ಸುಕ್ಕು ಬೀಳುತ್ತದೆ.

ಪ್ರಶ್ನೆ: ರಾಯಚೂರಿನಲ್ಲಿ ಡಿ.ಟಿ.ಪಿ. ಕೇಂದ್ರ ನಡೆಸುತ್ತೇನೆ. ಗೃಹಪ್ರವೇಶದ ಆಮಂತ್ರಣವೊಂದನ್ನು ಪರದೆಯಲ್ಲಿ ನೋಡಿದಾಗ ಕಡುಗೆಂಪು ಚೆನ್ನಾಗಿತ್ತು. ಮುದ್ರಣವಾಗಿ ಬಂದಾಗ ಮಾಸಿದ ಇಟ್ಟಿಗೆಯ ಬಣ್ಣವಾಗಿತ್ತು. ಗಿರಾಕಿ ಹಣ ಕೊಡಲು ತಕರಾರು ಮಾಡಿದರು. ತಪ್ಪು ನನ್ನದೋ, ಪ್ರೆಸ್ಸಿನವರದೋ?

ನೀವು ಪತ್ರದ ಜೊತೆ ಇಟ್ಟಿದ್ದ ಮಾದರಿಯನ್ನು ನೋಡಿದರೆ ಅದು ಮ್ಯಾಪ್‌ಲಿಥೊ ಕಾಗದ. ಆದ್ದರಿಂದ ತಪ್ಪಿನ ದೊಡ್ಡ ಪಾಲು ಕಾಗದವನ್ನು ಆಯ್ದವರದು. ಹಸಿ ಗೋಡೆಗೆ ಬಳಿದ ಬಣ್ಣಕ್ಕೂ ಒಣಗಿದ ಹಲಗೆಗೆ ಬಳಿದ ಬಣ್ಣಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತು. ಲೇಪವಿಲ್ಲದ ಕಾಗದ ಶಾಯಿಯನ್ನು ಕುಡಿಯುತ್ತದೆ. ಬಣ್ಣದ ಒಂದಂಶ ಒಳಕ್ಕಿಳಿದು ಮೇಲ್ಮೈ ಮಂಕಾಗುತ್ತದೆ, ಚಿತ್ರ ಕಟ್ಟುವ ಚುಕ್ಕೆಗಳು ಹರಡಿಕೊಂಡು ದಪ್ಪವಾಗುತ್ತವೆ. ಆರ್ಟ್ ಪೇಪರಿನಲ್ಲಿ ಶಾಯಿ ಲೇಪದ ಮೇಲೆಯೇ ನಿಲ್ಲುವುದರಿಂದ ಅದೇ ಬಣ್ಣ ತುಂಬಿ ಬರುತ್ತದೆ. ಒಂದು ಇಂಚಿನಲ್ಲಿ ಎಷ್ಟು ಸಾಲು ಚುಕ್ಕೆ ಇರಬೇಕೆಂಬುದನ್ನೂ ಕಾಗದವೇ ತೀರ್ಮಾನಿಸುವುದು ಇದೇ ಕಾರಣಕ್ಕೆ: ನ್ಯೂಸ್‌ಪ್ರಿಂಟಿಗೆ 85ರಿಂದ 100, ಮ್ಯಾಪ್‌ಲಿಥೊಗೆ 120ರಿಂದ 133, ಆರ್ಟ್ ಪೇಪರಿಗೆ 150ರಿಂದ 175.

ಉಳಿದ ಪಾಲು ನಿಮ್ಮದು. ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಬೆರೆಸಿ ಬಣ್ಣ ತೋರಿಸುತ್ತದೆ; ಮುದ್ರಣ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದ ಕಾಗದದ ಬಿಳುಪನ್ನು ಮುಚ್ಚುತ್ತ ಹೋಗುತ್ತದೆ. ಪರದೆಯಲ್ಲಿ ಕಾಣುವ ಗಿಳಿಹಸಿರು, ಉಜ್ವಲ ಕಿತ್ತಳೆ, ಮಿಂಚುವ ನೀಲಿ ಇವುಗಳನ್ನು ಆ ನಾಲ್ಕು ಶಾಯಿ ಎಷ್ಟು ಬೆರೆಸಿದರೂ ತರಲಾಗದು. ಆದ್ದರಿಂದ ಕೆಲಸ ಶುರುಮಾಡುವಾಗಲೇ ಕಡತವನ್ನು ಸಿ.ಎಂ.ವೈ.ಕೆ.ಯಲ್ಲಿ ತೆರೆಯಬೇಕು, ಮುಗಿದ ಮೇಲೆ ಬದಲಾಯಿಸುವುದಲ್ಲ. ಕುಂಕುಮದ ಕೆಂಪಿಗೆ ಮೆಜೆಂಟಾ 100, ಹಳದಿ 100 ಎಂದು ಹಿಡಿದು ಹೊರಡಿ. ಕಡುಗೆಂಪಿಗೆ ಅದರ ಮೇಲೆ ಸ್ವಲ್ಪ ಕಪ್ಪು, ಸ್ವಲ್ಪ ಸಯಾನ್ ಸೇರಲಿ, ಆದರೆ ನಾಲ್ಕೂ ಶಾಯಿಗಳ ಮೊತ್ತ ಆರ್ಟ್ ಪೇಪರಿನಲ್ಲಿ ಶೇ. 300ರ ಆಸುಪಾಸಿನಲ್ಲಿ, ಮ್ಯಾಪ್‌ಲಿಥೊದಲ್ಲಿ ಶೇ. 240–260ರೊಳಗೆ ನಿಲ್ಲಲಿ. ಮೀರಿದರೆ ಹಾಳೆ ಒಣಗುವುದಿಲ್ಲ, ಒಂದರ ಬೆನ್ನಿಗೆ ಇನ್ನೊಂದು ಕಲೆ ಹಚ್ಚುತ್ತದೆ.

ಶಾಯಿಯ ಪಾರದರ್ಶಕತೆಯನ್ನು ಮರೆತು ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಮದುವೆಯ ಕಾರ್ಡಿಗೆ ಶುಭಸೂಚಕವಾಗಿರಲಿ ಎಂದು ಅರಿಸಿನ ಬಣ್ಣದ ಕಾಗದ ಆಯ್ದು, ಮೂಲೆಯಲ್ಲಿ ನೀಲಿ ನವಿಲೊಂದನ್ನು ಕೂರಿಸಿದ್ದೆ. ಹಳದಿಯ ಮೇಲೆ ಬಿದ್ದ ನೀಲಿ ಹಸಿರಲ್ಲದೆ ಇನ್ನೇನಾದೀತು? ಕಟ್ಟು ಬಿಚ್ಚಿದ ಹುಡುಗಿಯ ತಂದೆ, ‘ಏನ್ರಿ ಇದು, ನವಿಲು ಹೋಗಿ ಗಿಣಿ ಆಗ್ಯಾದಲ್ಲ!’ ಎಂದರು. ಅಷ್ಟೂ ಕಾರ್ಡನ್ನು ನನ್ನ ಖರ್ಚಿನಲ್ಲಿ ಮತ್ತೆ ಮಾಡಿಕೊಟ್ಟೆ. ಬಣ್ಣದ ಕಾಗದದ ಮೇಲೆ ನೀವು ಆಯ್ದ ಬಣ್ಣವೇ ಬರಬೇಕೆಂದರೆ ಸ್ಕ್ರೀನ್ ಪ್ರಿಂಟಿಂಗ್‌ಗೆ ಹೋಗಬೇಕು. ಅದರ ಶಾಯಿ ದಪ್ಪಗೆ ಕೂತು ತಳವನ್ನು ಮುಚ್ಚುತ್ತದೆ.

ಇನ್ನು ಮುಂದೆ ಗಿರಾಕಿಯ ಸಹಿಯನ್ನು ಪರದೆ ತೋರಿಸಿ ಪಡೆಯಬೇಡಿ. ಮುದ್ರಣವಾಗಲಿರುವ ಕಾಗದದ ಮೇಲೆಯೇ ಒಂದು ಪ್ರೂಫ್ ತೆಗೆದು, ಅಂಗಡಿಯ ಹೊರಗೆ ಹಗಲಿನ ಬೆಳಕಿನಲ್ಲಿ ತೋರಿಸಿ ಸಹಿ ಹಾಕಿಸಿಕೊಳ್ಳಿ.

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಸಣ್ಣ ಜೀನ್ಸ್ ಘಟಕ. ಸ್ವಂತ ಬ್ರ್ಯಾಂಡ್ ಮಾಡುತ್ತಿದ್ದೇವೆ. ಪ್ಯಾಂಟಿಗೆ ತೂಗುಹಾಕುವ ಟ್ಯಾಗ್‌ಗೆ ಬಿಳಿ ಆರ್ಟ್ ಕಾರ್ಡ್ ಮಾಡಿಸಿದೆವು. ಅಂಗಡಿಗೆ ಹೋಗುವಷ್ಟರಲ್ಲಿ ಕೊಳೆಯಾಗಿ ಕಾಣುತ್ತದೆ.

ಅದು ಕೊಳೆಯಲ್ಲ, ನಿಮ್ಮದೇ ನೀಲಿ. ಇಂಡಿಗೊ ಬಣ್ಣ ನೂಲಿನ ಒಳಕ್ಕೆ ಪೂರ್ತಿ ಇಳಿಯದೆ ಹೊರಮೈಯಲ್ಲೇ ಕುಳಿತಿರುವುದರಿಂದ ಉಜ್ಜಿದರೆ ಬಿಡುತ್ತದೆ. ಜೀನ್ಸಿಗೆ ಹಳತಾದಂತೆ ಅಂದ ಬರುವುದೂ ಇದರಿಂದಲೇ. ಕಟ್ಟಿನಲ್ಲಿ ಹನ್ನೆರಡು ಪ್ಯಾಂಟು ಒತ್ತಿಕೊಂಡು ಲಾರಿಯಲ್ಲಿ ಕುಲುಕಾಡಿದಾಗ ಬಿಳಿ ಕಾರ್ಡು ಆ ನೀಲಿಯನ್ನು ಒರೆಸಿಕೊಳ್ಳುತ್ತದೆ.

ಎರಡು ದಾರಿಗಳಿವೆ. ಬಿಳಿಯೇ ಬೇಕೆಂದರೆ 300 ಅಥವಾ 350 ಜಿ.ಎಸ್.ಎಂ. ಆರ್ಟ್ ಕಾರ್ಡಿಗೆ ಎರಡೂ ಬದಿ ಲ್ಯಾಮಿನೇಶನ್ ಮಾಡಿಸಿ. ಒಂದೇ ಬದಿ ಮಾಡಿಸಿ ಹಣ ಉಳಿಸಲು ಹೋದರೆ, ತೆರೆದ ಬದಿ ಮಾತ್ರ ಹವೆಯ ತೇವಕ್ಕೆ ಹಿಗ್ಗಿ ಕುಗ್ಗುವುದರಿಂದ ಟ್ಯಾಗ್ ಹಪ್ಪಳದಂತೆ ಬಾಗುತ್ತದೆ. ಕಪ್ಪು ತುಂಬಿದ ಟ್ಯಾಗಿಗೆ ಮ್ಯಾಟ್ ಲ್ಯಾಮಿನೇಶನ್ ಸೊಗಸು ನಿಜ, ಆದರೆ ಗೀರು ಬಿದ್ದರೆ ಬೆಳ್ಳಗೆ ಎದ್ದು ಕಾಣುತ್ತದೆ. ಗೀರು ತಡೆಯುವ ಫಿಲ್ಮ್ ಸಿಗುತ್ತದೆಯೇ ಎಂದು ಕೇಳಿ ನೋಡಿ.

ನನಗೆ ಮೆಚ್ಚುಗೆಯಾದದ್ದು ಎರಡನೆಯ ದಾರಿ. 300 ಜಿ.ಎಸ್.ಎಂ.ನ ಕಂದು ಕ್ರಾಫ್ಟ್ ಬೋರ್ಡಿನ ಮೇಲೆ ಕಪ್ಪು ಒಂದೇ ಬಣ್ಣ, ಬೇಕಿದ್ದರೆ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದಿಷ್ಟು ಬಿಳಿ. ಆ ಕಂದುಬಣ್ಣದ ಮೇಲೆ ತುಸು ಇಂಡಿಗೊ ತಾಗಿದರೂ ಅದು ಜೀನ್ಸಿನ ಸಹವಾಸದಂತೆಯೇ ಕಾಣುತ್ತದೆ. ಆದರೆ ಕ್ರಾಫ್ಟಿನ ಮೇಲೆ ರೂಪದರ್ಶಿಯ ಫೋಟೊ ಹಾಕಲು ಹೋಗಬೇಡಿ, ಮುಖ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ.

ಬಾರ್‌ಕೋಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಪ್ಯಾಂಟು, ಅಂಗಿಗಳ ಮೇಲೆ ಕಾಣುವ 13 ಅಂಕೆಯ ಬಾರ್‌ಕೋಡಿನ ಪ್ರಮಾಣಿತ ಅಗಲ 37.29 ಮಿ.ಮೀ.; ಅದನ್ನು ಶೇ. 80ಕ್ಕಿಂತ ಕಿರಿದಾಗಿಸಬಾರದು. ಸ್ಕ್ಯಾನರಿನ ಕೆಂಪು ಬೆಳಕಿಗೆ ಕೆಂಪು ಗೆರೆಗಳು ಬಿಳಿಯಂತೆಯೇ ಕಾಣುವುದರಿಂದ ಗೆರೆಗಳನ್ನು ಕೆಂಪಿನಲ್ಲಿ ಹಾಕಬಾರದು. ಬೆಲೆಯ ಸ್ಟಿಕ್ಕರನ್ನು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದದಲ್ಲಿ ತೆಗೆಯದೆ, ರಿಬ್ಬನ್ ಹಾಕುವ ಪ್ರಿಂಟರಿನಲ್ಲಿ ತೆಗೆಯಿರಿ. ಬೇಸಿಗೆಯಲ್ಲಿ ತಗಡಿನ ಗೋದಾಮಿನಲ್ಲಿಟ್ಟ ಮಾಲಿನ ಮೇಲೆ ಬೆಲೆ ಮಾಸಿಹೋದರೆ ಅಂಗಡಿಯವರು ಮಾಲನ್ನೇ ಹಿಂದಿರುಗಿಸುತ್ತಾರೆ.

ಪ್ರಶ್ನೆ: ಸಿಂಧನೂರಿನ ನಮ್ಮ ಅಕ್ಕಿ ಗಿರಣಿಗೆ 25 ಕಿಲೋ ಚೀಲಗಳ ಮೇಲೆ ಭತ್ತದ ಗದ್ದೆಯ ಫೋಟೊ ಇರುವ ವಿನ್ಯಾಸ ಬೇಕು. ಸದ್ಯಕ್ಕೆ 2000 ಚೀಲ ಸಾಕು.

ಅಂಗಡಿಯಲ್ಲಿ ಕಾಣುವ ಫೋಟೊ ಸಹಿತ ಮಿರುಗುವ ಚೀಲಗಳಲ್ಲಿ ಬಿ.ಒ.ಪಿ.ಪಿ. ಎಂಬ ತೆಳು ಪಾರದರ್ಶಕ ಪ್ಲಾಸ್ಟಿಕ್ ಫಿಲ್ಮಿನ ಹಿಂಬದಿಗೆ ಗ್ರಾವ್ಯೂರ್ ವಿಧಾನದಲ್ಲಿ ಚಿತ್ರ ಮುದ್ರಿಸಿ, ಅದನ್ನು ನೇಯ್ದ ಪ್ಲಾಸ್ಟಿಕ್ ಚೀಲಕ್ಕೆ ಅಂಟಿಸಿರುತ್ತಾರೆ. ಈ ವಿಧಾನದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಲೋಹದ ಸಿಲಿಂಡರ್ ಕೊರೆಸಬೇಕು. ಆ ಖರ್ಚು ಹತ್ತಾರು ಸಾವಿರ ಚೀಲಕ್ಕೆ ಹಂಚಿದರೆ ಕಾಣಿಸುವುದಿಲ್ಲ, 2000ಕ್ಕೆ ಹಂಚಿದರೆ ಅಕ್ಕಿಯ ಲಾಭವನ್ನೇ ನುಂಗುತ್ತದೆ. ಸದ್ಯಕ್ಕೆ ನೇಯ್ದ ಚೀಲದ ಮೇಲೆಯೇ ಫ್ಲೆಕ್ಸೊ ವಿಧಾನದಲ್ಲಿ, ಅಂದರೆ ರಬ್ಬರಿನಂಥ ಮೆತ್ತನೆಯ ಉಬ್ಬಚ್ಚಿನಿಂದ, ಎರಡು ಬಣ್ಣ ಹಾಕಿಸಿ. ಫೋಟೊ ಬಿಟ್ಟು ದಪ್ಪ ರೇಖೆಯ ತೆನೆಯ ಚಿತ್ರ ಬರೆಸಿ. ಹೆಸರಿಗೆ ದಪ್ಪ ಅಕ್ಷರ ಆಯ್ದುಕೊಳ್ಳಿ, ಯಾಕೆಂದರೆ ನೇಯ್ಗೆಯ ಏರಿಳಿತದಲ್ಲಿ ‘ಮಸೂರಿ’ಯ ಕೊಂಬು ಉಳಿದರೂ ‘ಸಿದ್ಧ’ದ ಒತ್ತು ಉಳಿಯುವುದು ಕಷ್ಟ.

ಪ್ರಶ್ನೆ: ಕೊಪ್ಪಳದಲ್ಲಿ ಒಂದು ಬಣ್ಣದ ಮಿನಿ ಆಫ್‌ಸೆಟ್ ಯಂತ್ರವಿದೆ. ನಾಲ್ಕು ಸಲ ಹಾಳೆ ಓಡಿಸಿ ಬಹುವರ್ಣ ಮುದ್ರಣ ಮಾಡುತ್ತೇನೆ. ಏಪ್ರಿಲ್–ಮೇ ತಿಂಗಳಲ್ಲಿ ಮಾತ್ರ ಬಣ್ಣಗಳು ಒಂದರ ಮೇಲೊಂದು ಕೂರುವುದಿಲ್ಲ. ಯಂತ್ರ ರಿಪೇರಿಗೆ ಬಂದಿದೆಯೇ?

ಯಂತ್ರಕ್ಕೆ ಕೈ ಹಚ್ಚುವ ಮುನ್ನ ಕಾಗದವನ್ನು ವಿಚಾರಿಸಿ. ಕಾಗದ ಸುತ್ತಲಿನ ಹವೆಯಿಂದ ತೇವವನ್ನು ಎಳೆದುಕೊಳ್ಳುತ್ತದೆ, ಹವೆ ಒಣಗಿದರೆ ಬಿಟ್ಟುಕೊಡುತ್ತದೆ. ಅದಕ್ಕೆ ಹಿತವಾದದ್ದು ಶೇ. 50ರ ಆಸುಪಾಸಿನ ಆರ್ದ್ರತೆ. ನಮ್ಮ ಸೀಮೆಯಲ್ಲಿ ಬಿಸಿಲು 40 ಡಿಗ್ರಿ ದಾಟಿ ಒಣಗಾಳಿ ಬೀಸುವಾಗ, ರೀಮಿನ ಕಟ್ಟು ಬಿಚ್ಚಿದ ಕೆಲವೇ ಗಂಟೆಗಳಲ್ಲಿ ಹಾಳೆಯ ಅಂಚು ಒಣಗಿ ಬಿಗಿದು, ನಡುಭಾಗ ಉಬ್ಬುತ್ತದೆ. ಮಳೆಗಾಲದಲ್ಲಿ ಇದಕ್ಕೆ ತಿರುವುಮುರುವಾಗಿ ಅಂಚು ಅಲೆಯಲೆಯಾಗುತ್ತದೆ. ನೀವು ಬೆಳಿಗ್ಗೆ ಹಳದಿ ಹಾಕಿ ಮರುದಿನ ಮಧ್ಯಾಹ್ನ ಮೆಜೆಂಟಾ ಹಾಕುವಷ್ಟರಲ್ಲಿ ಹಾಳೆಯ ಅಳತೆಯೇ ಕೂದಲೆಳೆಯಷ್ಟು ಬದಲಾಗಿರುತ್ತದೆ, ಅದೂ ಎಳೆಗೆ ಅಡ್ಡವಾದ ದಿಕ್ಕಿನಲ್ಲಿ ಹೆಚ್ಚಾಗಿ. ನಾಲ್ಕು ಬಣ್ಣದ ಯಂತ್ರದಲ್ಲಿ ಹಾಳೆ ಒಂದೇ ಓಟದಲ್ಲಿ ಹೊರಬರುವುದರಿಂದ ಅವರಿಗೆ ಈ ಕಾಟ ಕಡಿಮೆ.

ಕಾಗದವನ್ನು ಎರಡು ದಿನ ಮೊದಲೇ ತಂದು, ಕಟ್ಟು ಬಿಚ್ಚದೆ, ಯಂತ್ರವಿರುವ ಕೋಣೆಯಲ್ಲೇ ಇಡಿ. ಬಾಗಿಲ ಬಿಸಿಲಿಗೂ ಫ್ಯಾನಿನ ಕೆಳಗೂ ಬೇಡ. ಒಂದು ಬಣ್ಣ ಮುಗಿದ ಕೂಡಲೇ ಅಟ್ಟಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ನಾಲ್ಕೂ ಕಡೆ ಮುಚ್ಚಿ. ನೆಲಕ್ಕೆ ನೀರು ಚಿಮುಕಿಸುವುದು ಹಳಬರ ಉಪಾಯ, ಅದು ಕೆಲಸಕ್ಕೆ ಬರುತ್ತದೆ. ಏರ್ ಕೂಲರನ್ನು ಅಟ್ಟಿಯ ಕಡೆಗೆ ತಿರುಗಿಸಿಟ್ಟರೆ ಮಾತ್ರ ಇನ್ನೊಂದು ಬಗೆಯಲ್ಲಿ ಕೆಡುತ್ತದೆ, ಶಾಯಿ ಒಣಗುವುದೂ ತಡವಾಗುತ್ತದೆ. ಇಷ್ಟಾದರೂ ಸಣ್ಣ ವ್ಯತ್ಯಾಸ ಉಳಿಯುತ್ತದೆ ಎಂದು ತಿಳಿದೇ ವಿನ್ಯಾಸ ಮಾಡಿಸಿಕೊಳ್ಳಿ: ಸಣ್ಣ ಅಕ್ಷರಗಳು ಕಪ್ಪು ಒಂದೇ ಶಾಯಿಯಲ್ಲಿರಲಿ, ಗಾಢವಾದ ನಾಲ್ಕು ಬಣ್ಣದ ಹಿನ್ನೆಲೆಯಲ್ಲಿ ಸಣ್ಣ ಬಿಳಿ ಅಕ್ಷರ ಬಿಡಿಸುವ ಚಪಲ ಬೇಡ.

ಪ್ರಶ್ನೆ: ಆನೆಗೊಂದಿಯಲ್ಲಿ ಹೋಂಸ್ಟೇ ನಡೆಸುತ್ತೇವೆ. ಎ4 ಅಳತೆಯ ಮೂರು ಮಡಿಕೆಯ ಕಿರುಪತ್ರ ಮಾಡಿಸಿದರೆ ಮಡಿಕೆಯಲ್ಲಿ ಬಣ್ಣ ಬಿರುಕು ಬಿಟ್ಟಿದೆ. ಮುಂದಿನ ಸಲ ಕೈಕಾಗದದಲ್ಲಿ ಮಾಡಿಸೋಣ ಎಂದಿದ್ದೇವೆ.

ಡಿಜಿಟಲ್ ಮುದ್ರಣದ ಟೋನರ್ ಕಾಗದದೊಳಕ್ಕೆ ಇಳಿಯದೆ ತೆಳು ಪದರವಾಗಿ ಮೇಲೆ ಕೂತಿರುತ್ತದೆ. 170 ಜಿ.ಎಸ್.ಎಂ.ಗಿಂತ ಭಾರದ ಕಾಗದವನ್ನು ಕೈಯಿಂದ ಒತ್ತಿ ಮಡಿಚಿದರೆ ಆ ಪದರ ಒಡೆದು ಬಿಳಿ ಗೆರೆ ಕಾಣುತ್ತದೆ. ಮಡಿಕೆಯ ಜಾಗದಲ್ಲಿ ಮೊದಲು ಕ್ರೀಸಿಂಗ್ ಮಾಡಿಸಿ (ಅಂದರೆ ಮಡಿಚುವ ಗೆರೆಯನ್ನು ಮುಂಚೆಯೇ ಒತ್ತಿ ಮೂಡಿಸಿ), ಮಡಿಕೆ ಎಳೆಯ ಗುಂಟ ಬರುವಂತೆ ಹಾಳೆ ಕತ್ತರಿಸಲು ಹೇಳಿ, ಮಡಿಕೆಯ ಮೇಲೆ ಗಾಢ ಬಣ್ಣ ಹಾಯದಂತೆ ವಿನ್ಯಾಸ ಬದಲಿಸಿ. 130 ಜಿ.ಎಸ್.ಎಂ.ಗೆ ಇಳಿದರೆ ಅರ್ಧ ಸಮಸ್ಯೆ ತಾನಾಗಿಯೇ ಹೋಗುತ್ತದೆ. 297 ಮಿ.ಮೀ. ಅಗಲವನ್ನು ಸಮನಾಗಿ 99ರಂತೆ ಮೂರು ಪಾಲು ಮಾಡಬೇಡಿ. ಒಳಕ್ಕೆ ಮಡಚಿಕೊಳ್ಳುವ ಪಾಲು 97, ಉಳಿದೆರಡು ನೂರು ನೂರು ಇದ್ದರೆ ಒಳಮಡಿಕೆ ಸುಕ್ಕಾಗದೆ ಕೂರುತ್ತದೆ.

ಕೈಕಾಗದದ ಆಸೆ ಒಳ್ಳೆಯದೇ, ಆದರೆ ಕಿರುಪತ್ರಕ್ಕಲ್ಲ. ಅದರ ದಪ್ಪ ಒಂದೇ ಸಮನಿರುವುದಿಲ್ಲ, ಸಡಿಲ ನಾರುಗಳು ಆಫ್‌ಸೆಟ್ ಯಂತ್ರದ ರಬ್ಬರಿಗೆ ಅಂಟಿಕೊಂಡು ಮುದ್ರಣದಲ್ಲಿ ಬಿಳಿ ಚುಕ್ಕೆ ಬೀಳಿಸುತ್ತವೆ. ಯಂತ್ರದವರು ಒಪ್ಪುವುದೂ ಅಪರೂಪ. ಕೋಣೆಯ ಹೆಸರಿನ ಚೀಟಿ, ಊಟದ ಪಟ್ಟಿ, ವಂದನಾ ಪತ್ರ ಇಂಥವನ್ನು ಕೈಕಾಗದದ ಮೇಲೆ ಒಂದೇ ಬಣ್ಣದ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಮಾಡಿಸಿ. ಊರಿನ ನಕಾಶೆಯನ್ನು ಮಾತ್ರ 100 ಜಿ.ಎಸ್.ಎಂ. ಮ್ಯಾಪ್‌ಲಿಥೊದಲ್ಲಿ ಬೇರೆಯಾಗಿ ಅಚ್ಚು ಹಾಕಿಸಿ. ಹರಿಗೋಲು ಎಲ್ಲಿ ಸಿಗುತ್ತದೆ ಎಂದು ಅತಿಥಿಗಳು ಕೇಳಿದಾಗ ಅದರ ಮೇಲೆ ಪೆನ್ನಿನಿಂದ ಗುರುತು ಹಾಕಿ ಕೊಡಬಹುದು.

ಪ್ರಶ್ನೆ: ಕಿನ್ನಾಳದ ಗೊಂಬೆಗಳನ್ನು ಊರೂರಿಗೆ ಕಳುಹಿಸಲು ಪೆಟ್ಟಿಗೆ ಬೇಕು. ಹೊಳೆಯುವ ಚಿನ್ನದ ಬಣ್ಣ ಮುದ್ರಿಸಬಹುದೇ?

ನಾಲ್ಕು ಶಾಯಿಗಳಿಂದ ಚಿನ್ನ ಬರುವುದಿಲ್ಲ, ಸಾಸಿವೆಯ ಬಣ್ಣ ಬರುತ್ತದೆ. ಹೊಳಪು ಬೇಕಾದಲ್ಲಿ ಬಿಸಿ ಅಚ್ಚಿನಿಂದ ಫಾಯಿಲ್ ಒತ್ತಿಸಬೇಕು. ನಿಮ್ಮೂರಿನ ಚಿತ್ರಗಾರರು ಲಾಜವರ ಎಂಬ ತಮ್ಮ ಲೇಪನ ವಿಧಾನದಲ್ಲಿ ಲೋಹದ ಹೊಳಪನ್ನು ಬೇಕಾದಷ್ಟೇ ಜಾಗಕ್ಕೆ ಇಟ್ಟು ಉಳಿದದ್ದನ್ನು ಬಣ್ಣಕ್ಕೆ ಬಿಡುವಂತೆ, ಇಲ್ಲಿಯೂ ಹೆಸರಿಗೆ ಮತ್ತು ಒಂದು ಅಂಚಿಗೆ ಮಾತ್ರ ಫಾಯಿಲ್ ಸಾಕು. ಅಂಗೈಯಗಲದ ಗೊಂಬೆಗೆ 350 ಜಿ.ಎಸ್.ಎಂ. ಡ್ಯುಪ್ಲೆಕ್ಸ್ ಬೋರ್ಡಿನ ಪೆಟ್ಟಿಗೆ ತಡೆದೀತು. ಅದಕ್ಕಿಂತ ದೊಡ್ಡದಕ್ಕೆ ಒಳಗೆ ಅಲೆಯಿರುವ ತೆಳು ಕೊರುಗೇಟೆಡ್ ಹಾಳೆಗೆ ಮುದ್ರಿತ ಕಾಗದ ಅಂಟಿಸಿದ ಪೆಟ್ಟಿಗೆಯೇ ಸರಿ. ಅಳತೆ ತೆಗೆಯುವಾಗ ಖಾಲಿ ಹಾಳೆಯಲ್ಲಿ ಒಂದು ಪೆಟ್ಟಿಗೆ ಮಡಿಚಿ, ಗೊಂಬೆ ಒಳಗಿಟ್ಟು ನೋಡಿ.

ಪ್ರಶ್ನೆ: ಬಳ್ಳಾರಿಯ ಕಲಾ ವಿದ್ಯಾರ್ಥಿನಿ ನಾನು. ಮೊಳೆ ಜೋಡಿಸುವ ಮುದ್ರಣ ಪೂರ್ತಿ ಮುಗಿಯಿತೇ? ಕಲಿಯುವುದರಲ್ಲಿ ಅರ್ಥವಿದೆಯೇ?

ನಮ್ಮೂರಿಗೆ ಈ ವಿಷಯದಲ್ಲಿ ಒಂದು ಹಕ್ಕಿದೆ. ಹರ್ಮನ್ ಮೊಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬರುತ್ತಿತ್ತು. ಮರುವರ್ಷ ಅದು ಬಳ್ಳಾರಿಗೆ ಬಂದು, ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಅಚ್ಚುಮೊಳೆಗಳಿಂದ ಮುದ್ರಣವಾಯಿತು. ಕಲ್ಲಚ್ಚನ್ನು ಬಿಟ್ಟು ಮೊಳೆಗೆ ಬಂದೆವು, ಈಗ ಮೊಳೆಯನ್ನು ಬಿಟ್ಟು ಆಫ್‌ಸೆಟ್‌ಗೆ ಬಂದಿದ್ದೇವೆ. ಆಫ್‌ಸೆಟ್ ನಡೆಯುವುದು ಕಲ್ಲಚ್ಚಿನ ತತ್ವದ ಮೇಲೆಯೇ, ಅಂದರೆ ಎಣ್ಣೆಯ ಶಾಯಿಗೂ ನೀರಿಗೂ ಆಗಿಬರುವುದಿಲ್ಲ ಎಂಬುದರ ಮೇಲೆ. ಹಳೆಯ ಟ್ರೆಡಲ್ ಯಂತ್ರಗಳು ಇವತ್ತಿಗೂ ಬಿಲ್ ಪುಸ್ತಕಕ್ಕೆ ನಂಬರು ಹಾಕುತ್ತ, ಹರಿಯುವ ಗೆರೆಗೆ ತೂತು ಹೊಡೆಯುತ್ತ, ಪೆಟ್ಟಿಗೆಗಳ ಡೈ ಕತ್ತರಿಸುತ್ತ ದುಡಿಯುತ್ತಿವೆ. ಜೀವನೋಪಾಯಕ್ಕೆಂದು ಮೊಳೆ ಜೋಡಿಸಲು ಕಲಿಯಬೇಡಿ. ಆದರೆ ಅಂಥ ಯಂತ್ರವಿರುವ ಕಡೆ ಒಂದು ವಾರ ಕುಳಿತು, ಸಾಲುಗಳ ನಡುವಿನ ಖಾಲಿ ಜಾಗವನ್ನೂ ಕೈಯಿಂದ ಎತ್ತಿ ಇಡಬೇಕಾಗಿತ್ತು ಎಂಬುದನ್ನು ಬೆರಳಿಗೆ ತಿಳಿಸಿಕೊಂಡರೆ, ಪರದೆಯ ಮೇಲೆ ಆ ಜಾಗವನ್ನು ಅಳೆಯುವ ನಿಮ್ಮ ಕಣ್ಣು ಬದಲಾಗುತ್ತದೆ.

ಪ್ರಶ್ನೆ: ನಮ್ಮ ಕಂಪ್ಯೂಟರಿನಲ್ಲಿ ಸರಿಯಿದ್ದ ಕನ್ನಡ ಹೊರಗಿನ ಪ್ರೆಸ್ಸಿಗೆ ಹೋದ ಮೇಲೆ ಒಡೆದು ಬರುತ್ತದೆ. ಪರಿಹಾರವೇನು? (ಗಂಗಾವತಿಯ ಓದುಗರು)

ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಬರೆದದ್ದು ಅದೇ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗುತ್ತದೆ. ಯೂನಿಕೋಡಿನಲ್ಲಿ ಬರೆದದ್ದು, ಭಾರತೀಯ ಲಿಪಿ ಜೋಡಿಸುವ ವ್ಯವಸ್ಥೆಯನ್ನು ಆಯ್ದುಕೊಳ್ಳದ ವಿನ್ಯಾಸ ತಂತ್ರಾಂಶದಲ್ಲಿ ಒತ್ತು ಬಿಟ್ಟು ಸಾಲಾಗಿ ನಿಲ್ಲುತ್ತದೆ; ಅಡೋಬಿಯ ತಂತ್ರಾಂಶಗಳಲ್ಲಿ ವರ್ಲ್ಡ್-ರೆಡಿ ಎಂಬ ಆಯ್ಕೆಯನ್ನು ಹುಡುಕಿ ಹಾಕಿಕೊಳ್ಳಿ. ಕೋರೆಲ್‌ನಲ್ಲಿ ಕೆಲಸ ಮುಗಿದ ಮೇಲೆ ಅಕ್ಷರಗಳನ್ನೆಲ್ಲ ಕರ್ವ್‌ಗೆ (ಫಾಂಟಿನ ಹಂಗಿಲ್ಲದ ಬರೀ ಆಕಾರಗಳಿಗೆ) ಪರಿವರ್ತಿಸಿ, ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚುವ ಹೆಚ್ಚುವರಿ ಅಂಚು) ಬಿಟ್ಟು, ಪಿ.ಡಿ.ಎಫ್. ಮಾಡಿ ಕಳುಹಿಸಿ. ಕರ್ವ್ ಮಾಡಿದ ಮೇಲೆ ಒಂದು ಅಕ್ಷರವನ್ನೂ ತಿದ್ದಲಾಗದು; ಆದ್ದರಿಂದ ಮೂಲ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಿರಬೇಕು.

ಕನ್ನಡದ ಒತ್ತುಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರ ನಮಗೆ ಸಾಲದು. 11 ಪಾಯಿಂಟ್ ಅಕ್ಷರಕ್ಕೆ 15 ಅಥವಾ 16 ಪಾಯಿಂಟ್ ಅಂತರ ಕೊಡಿ. ಕಳುಹಿಸುವ ಮುನ್ನ ಒಂದು ಪುಟವನ್ನು ಅಳತೆ ಕುಗ್ಗಿಸದೆ ಲೇಸರ್ ಪ್ರಿಂಟ್ ತೆಗೆದು, ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’, ‘ವೈಶಿಷ್ಟ್ಯ’ದಂಥ ಪದಗಳ ಮೇಲೆ ಬೆರಳಿಟ್ಟು ನೋಡಿ. ‘ಸ್ವಾತಂತ್ರ್ಯ’ದ ಮೂರು ಒತ್ತುಗಳೂ ತಮ್ಮ ಜಾಗದಲ್ಲಿದ್ದು, ಕೆಳಗಿನ ಸಾಲಿನ ಗುಡಿಸಿಗೆ ತಾಗದಿದ್ದರೆ ಕಡತವನ್ನು ಕಳುಹಿಸಬಹುದು.